ಎಣ್ಣೆ ಬಟ್ಟಲು ಸರಿಸಿಟ್ಟ ಯಮನಮ್ಮ

ಗೊರೇಬಾಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಯಮನಮ್ಮನ ಪಡಸಾಲೆಯಲ್ಲಿ ಇಪ್ಪತ್ತೆರಡರ ಕನಕಮ್ಮ ಹೊಟ್ಟೆ ಹಿಡಿದು ಮುದುಡಿ ಮಲಗಿದ್ದಾಳೆ. ನಿನ್ನೆ ಸಂಜೆ ನಾಟಿ ಮುಗಿಸಿ ಬರುವಾಗ ಟ್ರ್ಯಾಕ್ಟರ್ ಟ್ರಾಲಿಯಿಂದ ಜಾರಿ ಬಿದ್ದವಳು. ಆಗ ಎದ್ದು ನಡೆದಿದ್ದಳು. ಆಮೇಲೆ ಹಿಡಿದ ನೋವು ಇನ್ನೂ ಬಿಟ್ಟಿಲ್ಲ.

"ಬಟ್ಟಿ ಸರದೈತಿ, ಜರಾ ತಿಕ್ಕಬೇ ಯಮನವ್ವ," ಎನ್ನುತ್ತಾಳೆ ಅತ್ತೆ ಅಂಬಮ್ಮ.

ಬಿದ್ದು ಹೊಟ್ಟೆ ನೊಂದರೆ ಹೊಕ್ಕುಳ ಜಾರಿದೆ ಎಂದೇ ಇಲ್ಲಿಯ ಲೆಕ್ಕ. ಅದಕ್ಕೇ 'ಬಟ್ಟಿ' ಎನ್ನುತ್ತಾರೆ. ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ ಯಮನಮ್ಮ ಎತ್ತಿದ ಕೈ. ವಾರಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ, ನಾಟಿ ಕಾಲದಲ್ಲಿ ಇನ್ನೂ ಹೆಚ್ಚು.

ಇವತ್ತು ಆಕೆ ಎಣ್ಣೆ ಬಟ್ಟಲನ್ನು ಆಚೆ ಸರಿಸುತ್ತಾಳೆ. ಅತ್ತೆಯನ್ನು ಹೊರಗೆ ಕಳಿಸಿ ಸೊಸೆಯ ಕಿವಿಗೆ ಬಾಗುತ್ತಾಳೆ.

"ಮುಟ್ಟಾಗಿ ಎಷ್ಟು ದಿನ ಆತವ್ವ?"

"ಒಂದೂವರಿ ತಿಂಗಳು. ಅತ್ತಿ ಮುಂದ ಹೇಳಿಲ್ಲ."

"ಹೆಗಲು ನೋಯತೈತೇನು?"

ಕನಕಮ್ಮ ಹೌದೆಂದು ತಲೆಯಾಡಿಸುತ್ತಾಳೆ. ಕೆಳರೆಪ್ಪೆ ಜಗ್ಗಿ ನೋಡಿದರೆ ಸುಣ್ಣದ ಬಿಳುಪು. ಯಮನಮ್ಮ ಅತ್ತೆಯನ್ನು ಒಳಗೆ ಕರೆಯುತ್ತಾಳೆ.

"ನಾ ತಿಕ್ಕಂಗಿಲ್ಲ. ಟ್ರ್ಯಾಕ್ಟರ್ ತರಸ್ರಿ, ಈಗಿಂದೀಗ ಸಿಂಧನೂರಿಗೆ ಒಯ್ರಿ."

ಅಂಬಮ್ಮ ಗೊಣಗುತ್ತಲೇ ಹೊರಡುತ್ತಾಳೆ.

ಎಂಟು ವರ್ಷದ ಹಿಂದೆ, 1985ರಲ್ಲಿ, ಯಮನಮ್ಮ ಇದೊಂದನ್ನೂ ಕೇಳಿರಲಿಲ್ಲ. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದ ಮಗಳು ಸೂಗಮ್ಮನಿಗೆ ಒಂದೇ ದಿನ ಮೂರು ಸಲ ತಿಕ್ಕಿದಳು. ಆಸ್ಪತ್ರೆ ಸೇರುವಷ್ಟರಲ್ಲಿ ಮಗಳು ಇರಲಿಲ್ಲ. ಬಸಿರು ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತು ಒಡೆದಿತ್ತು. ಹೊರಗೆ ಒಂದು ಹನಿ ಕಾಣದಂತೆ ರಕ್ತ ಹೊಟ್ಟೆಯೊಳಗೇ ತುಂಬಿತ್ತು. ಎಲ್ಲರೂ ಬಿದ್ದ ಪೆಟ್ಟಿನ ನೋವೆಂದೇ ತಿಳಿದಿದ್ದರು.

"ಬಿದ್ದು ಹೊಟ್ಟೆ ನೋವು ಅಂತ ಹೆಂಗಸು ಬಂದರೆ ಮೊದಲು ಮುಟ್ಟಿನ ವಿಷಯ ಕೇಳಮ್ಮ," ಎಂದಿದ್ದರು ಅವತ್ತು ಆಸ್ಪತ್ರೆಯ ಡಾಕ್ಟರಮ್ಮ. ಒಳಗೆ ರಕ್ತ ಸೋರಿದರೆ ಹೆಗಲು ನೋಯುತ್ತದೆ, ಕಣ್ಣು ಬಿಳಿಚುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ತಿಕ್ಕುತ್ತಾ ಕಳೆದ ಆ ಹೊತ್ತು ನೆನೆದರೆ ತಾಯಿಗೆ ಇವತ್ತಿಗೂ ಅನ್ನ ಸೇರುವುದಿಲ್ಲ.

ಅಲ್ಲಿಂದೀಚೆಗೆ, ಕನಕಮ್ಮನಿಗೂ ಮುಂಚೆ, ತಿಕ್ಕದೆ ಆಸ್ಪತ್ರೆಗೆ ಅಟ್ಟಿದವರು ಒಂಬತ್ತು ಮಂದಿ. ಏಳು ಜನ ಉಳಿದರು.

ಮಧ್ಯಾಹ್ನ ಕನಕಮ್ಮನ ಗಂಡ ಆದಪ್ಪ ಬಂದು ಬಾಗಿಲಲ್ಲಿ ಕೂರುತ್ತಾನೆ. "ಆಪರೇಷನ್ ಆತು. ಕೂಸು ಹೋತು, ಆಕಿ ಜೀವ ಐತಿ."

ಓಣಿಯ ಮಾತೇ ಬೇರೆ. ಯಮನಮ್ಮನ ಕೈಗುಣ ಹೋಗಿದೆ, ಅದಕ್ಕೇ ಆಸ್ಪತ್ರೆಗೆ ಸಾಗಹಾಕುತ್ತಾಳೆ ಎಂದು ಅಂಬಮ್ಮನೇ ಸಾರಿಕೊಂಡು ಬಂದಿದ್ದಾಳೆ.

"ಅನ್ನಲಿ ಬಿಡ್ರಿ," ಯಮನಮ್ಮ ಎಣ್ಣೆ ಬಟ್ಟಲು ಮುಚ್ಚಿಡುತ್ತಾಳೆ. "ಕೈಗುಣ ಇದ್ದಾಗ ನನ್ನ ಮಗಳನ್ನ ಕಳಕೊಂಡೀನಿ. ಅದು ಹೋದ ಮ್ಯಾಲ ಮಂದಿ ಹೆಣ್ಮಕ್ಕಳು ಎಂಟು ಜನ ಉಳದಾರ."