ಉಪ್ಪಿನ ಬಂಗಲೆಯ ಚಿತ್ರದಮ್ಮ

ಅವರ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹಸಿ ಸುಣ್ಣ ತಿಂದುಹಾಕಿತ್ತು. ಚರ್ಮ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕಾಫಿ ಎಷ್ಟೇ ಸುಡುತ್ತಿದ್ದರೂ ಲೋಟವನ್ನು ಆ ಬೆರಳುಗಳಲ್ಲೇ ಹಿಡಿದು, ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದರು. ನಾನು ಅವರನ್ನು ಚಿತ್ರದಮ್ಮ ಎಂದು ಕರೆಯುತ್ತಿದ್ದೆ. ಮಕ್ಕಳೇ, ನೀವು ನನ್ನ ಮಾತಿಗೆ ತಮಿಳಿನಲ್ಲಿ ಉತ್ತರ ಕೊಡುವವರು, ಇದನ್ನು ನಿಮ್ಮಮ್ಮನಿಂದ ಓದಿಸಿಕೊಳ್ಳಿ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ.

ನಿಮ್ಮ ಅಜ್ಜ ಮೈಲಾಪೂರಿನ ಹೋಟೆಲಿನಲ್ಲಿ ಅಡುಗೆಗಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡಾಗ ಹೋಟೆಲಿನ ಧಣಿಗಳು ನನಗೊಂದು ಅಡುಗೆ ಕೆಲಸ ಹುಡುಕಿಕೊಟ್ಟರು. ನಿಮ್ಮಮ್ಮನನ್ನು ಆ ಧಣಿಗಳ ಮನೆಯಲ್ಲೇ ಬಿಟ್ಟು ಹೊರಟೆ. ಚೆನ್ನೈಗೆ ಉತ್ತರದಲ್ಲಿ, ಹಿನ್ನೀರಿನ ನಡುಗಡ್ಡೆಯಲ್ಲಿ, ಬಿಳಿಯರ ಕಾಲದಲ್ಲಿ ಉಪ್ಪಿನ ಇಲಾಖೆಯ ಸಾಹೇಬರಿಗೆಂದು ಕಟ್ಟಿದ ಬಂಗಲೆ ಅದು. ದೋಣಿಯಲ್ಲೇ ಹೋಗಬೇಕು. ಕರೆಂಟಿಲ್ಲ, ಬಾವಿಯ ನೀರು ಅರ್ಧ ಉಪ್ಪು. ಚಿತ್ರ ಬರೆಯುವವರು, ಮೂರ್ತಿ ಮಾಡುವವರು ಎಲ್ಲೆಲ್ಲಿಂದಲೋ ಬಂದು ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತಿದ್ದರು. ಊರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ನನಗೆ, ಮನೆಯಲ್ಲಿ ಫ್ಯಾನು ಫ್ರಿಜ್ಜು ಇಟ್ಟುಕೊಂಡವರು ಇಲ್ಲಿ ಬಂದು ಲಾಂದ್ರದ ಬೆಳಕನ್ನು ಹೊಗಳುವುದು ಯಾಕೆಂದು ಕೊನೆಗೂ ತಿಳಿಯಲಿಲ್ಲ.

ಚಿತ್ರದಮ್ಮ ಪ್ರತಿ ವರ್ಷ ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಬರುತ್ತಿದ್ದರು. ತಲೆಮಾರುಗಳಿಂದ ಮೈಲಾಪೂರಿನಲ್ಲಿ ನೆಲೆಸಿದ ಮಾಧ್ವರ ಮನೆಯವರು, ಮದುವೆಯಾಗಿರಲಿಲ್ಲ. ಕನ್ನಡ ಕೇಳುವ ಆಸೆಗೆ ನನ್ನ ಅಡುಗೆಮನೆಯಲ್ಲೇ ಕೂರುತ್ತಿದ್ದರು.

"ಏನೇ ಕುಂದಾಪುರದವಳೇ, ಸಾರಲ್ಲಿ ಕಾಯಿ ಜಾಸ್ತಿ, ಬಾಯಲ್ಲಿ ಮಾತು ಕಮ್ಮಿ. ಎರಡೂ ಸರಿಮಾಡ್ಕೋ."

ಬಂಗಲೆಯ ನಡುಮನೆಯ ಒಂದು ಗೋಡೆ ತುಂಬಾ ಚಿತ್ರವಿತ್ತು. ಉಪ್ಪಿನ ಬುಟ್ಟಿ ಹೊತ್ತ ಹೆಂಗಸರ ಸಾಲು, ಅವರ ಹಿಂದೆ ಬೆಳ್ಳನೆಯ ನೀರು. ಒಬ್ಬಳ ಮುಖವೂ ಇನ್ನೊಬ್ಬಳ ಹಾಗಿಲ್ಲ. ಕೆಳಗೆ ಮೂಲೆಯಲ್ಲಿ ಬಂಗಲೆಯ ಯಜಮಾನನ ಹೆಸರು. ಆ ಗೋಡೆಯಿಂದಲೇ ಅವನು ದೊಡ್ಡ ಕಲಾವಿದ ಎನಿಸಿಕೊಂಡದ್ದು. ಅವನನ್ನು ಬಹುವಚನದಲ್ಲಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ಚಿತ್ರ ಬರೆದವರು ಚಿತ್ರದಮ್ಮ. ಹರೆಯದಲ್ಲಿ ಅವನ ಶಿಷ್ಯೆಯಾಗಿದ್ದಾಗ, ಬೆಲ್ಲದ ನೀರಲ್ಲಿ ಅಳಲೆಕಾಯಿ ನೆನೆಸಿ, ಆ ನೀರಲ್ಲಿ ಸುಣ್ಣ ಅರೆದು ಗೋಡೆಗೆ ಬಳಿದು, ಅದು ಒಣಗುವ ಮೊದಲೇ ಬಣ್ಣ ಹಚ್ಚಿದ್ದರು. ಹಸಿ ಸುಣ್ಣ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಗೋಡೆಯೂ ಬಣ್ಣವೂ ಒಂದೇ. ಕೆಲಸ ಮುಗಿಯುತ್ತಲೇ ಅವರ ತಾಯಿ ತೀರಿಕೊಂಡರು. ಕರ್ಮ ಮುಗಿಸಿ ಬರುವಷ್ಟರಲ್ಲಿ ಮೂಲೆಯಲ್ಲಿ ಅವನ ಹೆಸರಿತ್ತು, ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಕೇಳಿದ್ದಕ್ಕೆ, "ಕೈ ಶಿಷ್ಯೆಯದು, ಚಿತ್ರ ಗುರುವಿನದು" ಎಂದನಂತೆ. ಇವರ ಮಾತು ಯಾರೂ ನಂಬಲಿಲ್ಲ. ಇವರು ಪ್ರತಿ ವರ್ಷ ಬರುವುದನ್ನೂ ಅವನು ತಡೆಯಲಿಲ್ಲ. ತಡೆದರೆ ಜನ ಯಾಕೆಂದು ಕೇಳುತ್ತಾರಲ್ಲ.

ಒಂದು ಮಧ್ಯಾಹ್ನ ನನ್ನನ್ನು ಗೋಡೆಯ ಹತ್ತಿರ ಕರೆದರು. ಬೆರಳನ್ನು ನೀರಿಗದ್ದಿ ಅವನ ಹೆಸರಿನ ಕೊನೆಯ ಬಾಲಕ್ಕೆ ಒತ್ತಿದರು. ಬೆರಳಿಗೆ ಕಂದುಬಣ್ಣ ಹತ್ತಿತು.

"ನೋಡು. ಒಣಗಿದ ಮೇಲೆ ಗೋಂದು ಕಲಸಿದ ಬಣ್ಣದಲ್ಲಿ ಬರೆದಿದಾನೆ. ಸುಣ್ಣ ಹಸಿಯಾಗಿದ್ದಾಗ ಅವನು ಇಲ್ಲಿರ್ಲೇ ಇಲ್ಲ."

"ಹಂಗಾರೆ ಈಗ್ಲೇ ಒರ್ಸಿ ಬಿಡಿ ಅಮ್ಮ."

"ಯಾರೂ ನೋಡದಾಗ ಒರೆಸಿದ್ರೆ ನಾಳೆ ಮತ್ತೆ ಬರ್ಕೋತಾನೆ. ಸಿಟ್ಟು ಹೆಪ್ಪು ಇದ್ದಹಾಗೆ ಕಣೇ. ದಿನಾ ಒಂದು ಚಮಚ ಉಳಿಸ್ಕೋಬೇಕು."

ನನಗೂ ಅವನ ಮೇಲೆ ಒಂದು ಚಮಚವಿತ್ತು. ಅತಿಥಿಗಳು ಬಂದಾಗ, "ವಿಧವೆ ಎದುರಿಗೆ ಬರಬೇಡ, ಫೋಟೋ ಕೆಡುತ್ತೆ" ಎಂದು ನನ್ನನ್ನು ಒಳಗೆ ಅಟ್ಟುತ್ತಿದ್ದ.

ಬಂಗಲೆಯ ವಾರ್ಷಿಕೋತ್ಸವದ ದಿನ ಚೆನ್ನೈಯಿಂದ ದೋಣಿ ದೋಣಿ ಜನ ಬಂದರು. ಪತ್ರಿಕೆಯವರು, ಚಿತ್ರ ಕೊಳ್ಳುವವರು, ವಿದೇಶದವರು. ಅವನು ರೇಷ್ಮೆ ಶಲ್ಯ ಹೊದ್ದು ಗೋಡೆಯ ಮುಂದೆ ನಿಂತ. ಹಸಿ ಸುಣ್ಣದ ಕೆಲಸ ಎಷ್ಟು ಕಷ್ಟ, ತಾನು ಹೇಗೆ ಊಟ ನಿದ್ದೆ ಬಿಟ್ಟು ಬರೆದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ದೋಣಿಯವರಿಗೂ ತಿಳಿಯಲೆಂದು ತಮಿಳಿನಲ್ಲೂ ಹೇಳಿದ. ಕೊನೆಗೆ ಜಂಬ ತಡೆಯಲಾರದೆ, "ಇದು ಅಳಿಸುವುದಿಲ್ಲ. ಬೇಕಾದರೆ ನೀರು ಹಾಕಿ ತೊಳೆದು ನೋಡಿ" ಎಂದ.

ಚಿತ್ರದಮ್ಮ ಹಿಂದಿನ ಸಾಲಿನಿಂದ ಎದ್ದರು. "ಸಾರ್ ಹೇಳ್ತಿದಾರೆ, ತೊಳೆದು ನೋಡೋಣ" ಎಂದು ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ, "ಒದ್ದೆ ಬಟ್ಟೆ ತಗೊಂಡು ಬಾರೇ" ಎಂದರು.

"ನಂಗ್ ಹೆದ್ರಿಕಿ ಆತ್ತಮ್ಮ."

"ಹೆದರ್ಕೊಂಡೇ ಒರೆಸು."

ಅಷ್ಟು ಜನರೆದುರು ನಾನು ಅದುವರೆಗೆ ನಿಂತಿರಲಿಲ್ಲ. ಮೊದಲು ಬುಟ್ಟಿ ಹೊತ್ತ ಹೆಂಗಸರನ್ನು ಒರೆಸಿದೆ. ಬಟ್ಟೆ ಬೆಳ್ಳಗೇ ಇತ್ತು. ಜನ ಚಪ್ಪಾಳೆ ತಟ್ಟಿದರು, ಅವನೂ ನಕ್ಕ. ಆಮೇಲೆ ಮೂಲೆಗೆ ಬಂದೆ. ಅವನು "ಅಲ್ಲಿ ಬೇಡ" ಎಂದ. ಆ ಮಾತು ಕೇಳಿದ ಮೇಲೆ ನನಗೆ ಹೆದರಿಕೆ ಉಳಿಯಲಿಲ್ಲ. ಒತ್ತಿ ಒರೆಸಿದೆ. ಹೆಸರು ಕಂದು ರಾಡಿಯಾಗಿ ಬಟ್ಟೆಗೆ ಬಂತು. ಆ ಬಟ್ಟೆಯನ್ನು ಬಿಡಿಸಿ ಹಿಡಿದು ಪತ್ರಿಕೆಯವರಿಗೂ ತೋರಿಸಿದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಚಿತ್ರ ಬರೆದವರು ಹೆಸರು ಬರೆಯೋಕೆ ಸುಣ್ಣ ಒಣಗೋ ತನಕ ಯಾಕೆ ಕಾದರು ಅಂತ ಸಾರನ್ನೇ ಕೇಳಿ" ಎಂದರು ಚಿತ್ರದಮ್ಮ. ಅವನು ಶಲ್ಯ ಎಳೆದುಕೊಂಡು ಗೋಡೆಯಿಂದ ಪಕ್ಕಕ್ಕೆ ಸರಿದ. ಅವರ ಹಳೆಯ ದೂರು ಗೊತ್ತಿದ್ದ ಯಾರೋ ಕುಂಚ ತಂದು ಅವರಿಗೆ ಕೊಟ್ಟು, ನಿಮ್ಮ ಹೆಸರು ಬರೆಯಿರಿ ಎಂದರು. "ನನ್ನದು ಬೇಡ. ಅವನದು ಹೋಯ್ತಲ್ಲ, ಸಾಕು" ಎಂದು ನಕ್ಕರು. ಅವರು ಹಲ್ಲು ಕಾಣಿಸುವಂತೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಅವನು ನನ್ನನ್ನು ಕೆಲಸದಿಂದ ಬಿಡಿಸಿ ಸಂಜೆಯ ದೋಣಿಗೇ ಹತ್ತಿಸಿದ. ಚಿತ್ರದಮ್ಮ ಅದೇ ದೋಣಿಯಲ್ಲಿ ನನ್ನ ಪಕ್ಕ ಕೂತರು. ಮೈಲಾಪೂರಿನ ತಮ್ಮ ಮನೆಯ ಹಿಂದಿನ ಎರಡು ಕೋಣೆ ನಮಗೆ ಕೊಟ್ಟರು. ನಾನು ಅಲ್ಲೇ ಊಟದ ಡಬ್ಬಿ ಕಟ್ಟಿ ಕಳಿಸುವ ಕೆಲಸ ಶುರುಮಾಡಿದೆ, ನಿಮ್ಮಮ್ಮ ಅಲ್ಲಿಂದಲೇ ಕಾಲೇಜಿಗೆ ಹೋದಳು. ಅವಳ ಇಂಗ್ಲಿಷೂ ಅವಳ ಮೂಗಿನ ತುದಿಯ ಸಿಟ್ಟೂ ಚಿತ್ರದಮ್ಮನಿಂದ ಬಂದವು.

ಕೆಲವು ವರ್ಷಗಳ ನಂತರ ಪೋರೂರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ದೇಹವನ್ನು ಮನೆಗೆ ತಂದ ಮೇಲೆ ಅವನು ಬಂದ, ಮುದುಕನಾಗಿದ್ದ, ಕೈಯಲ್ಲಿ ದೊಡ್ಡ ಹಾರ. ಜೊತೆಗೆ ಫೋಟೋದವನೊಬ್ಬ. ನಾನು ಗೇಟು ಹಿಡಿದು ನಿಂತು, "ಒಳಗೆ ಬರಬೇಡಿ" ಎಂದೆ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತ. ಹಾರ ಬಾಡಿತು, ಫೋಟೋದವನು ಹೋದ. ಕೊನೆಗೆ ಮೆಲ್ಲಗೆ, "ಕೊಂಜಂ ತಣ್ಣಿ ಕುಡುಮ್ಮಾ" ಎಂದ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆದರೆ ನೀರು ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ತುಂಬಿದ ಕೊಡ ನನ್ನ ಹಿಂದೆಯೇ ಇತ್ತು.

ಕೊಡಲಿಲ್ಲ. ಇವತ್ತು ಬಂದು ಕೇಳಿದರೂ ಕೊಡುವುದಿಲ್ಲ.