ಪಾಪಕ್ಕನ ಮೂರನೇ ಮಾತ್ರೆ

ದೊಡ್ಡಬೆಳವಂಗಲದ ಪಾಪಕ್ಕನಿಗೆ ಫಿಟ್ಸ್ ಬಂದಾಗಲೆಲ್ಲ ಊರವರು ಓಡಿಬಂದು ಅವಳ ಕೈಗೆ ಬೀಗದ ಕೈ ಹಿಡಿಸುತ್ತಿದ್ದರು. ಅದಕ್ಕೆಂದೇ ಹಾಲಿನ ಡೈರಿಯ ಗೋಡೆಯಲ್ಲಿ ದಪ್ಪನೆಯ ಕಬ್ಬಿಣದ ಬೀಗದ ಕೈಯೊಂದು ನೇತಾಡುತ್ತಿತ್ತು. ಅದು ಯಾವ ಬಾಗಿಲದ್ದೋ ಯಾರಿಗೂ ನೆನಪಿರಲಿಲ್ಲ. ಅದರಿಂದ ಏನೂ ಆಗದು, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಎಂದು ಹೇಳಿದ ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಮೊದಲ ಮಾತ್ರೆಗೆ ಫಿಟ್ಸ್ ಕಡಿಮೆಯಾಯಿತು. ಆದರೆ ಪಾಪಕ್ಕ ಹಾಲು ಕರೆಯುತ್ತಲೇ ಹಸುವಿನ ಹೊಟ್ಟೆಗೆ ತಲೆಯಾನಿಸಿ ಗೊರಕೆ ಹೊಡೆಯತೊಡಗಿದಳು. ಡಾಕ್ಟರು ಬದಲಾಯಿಸಿ ಕೊಟ್ಟ ಎರಡನೆಯದಕ್ಕೆ ಆ ನಿದ್ದೆ ಬಿಟ್ಟಿತು, ಆದರೆ ಬಾಚಿದಷ್ಟೂ ಕೂದಲು ಉದುರಿತು, ರವಿಕೆಗಳೆಲ್ಲ ಬಿಗಿಯಾದವು. "ಒಂದು ಹೋಯ್ತು, ಇನ್ನೊಂದು ಬಂತು ಕಣಮ್ಮ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಮೂರನೆಯದು ಶುರುವಾದ ಮೇಲೆ ಹನ್ನೊಂದು ತಿಂಗಳು ಒಮ್ಮೆಯೂ ಫಿಟ್ಸ್ ಬರಲಿಲ್ಲ.

ಈ ಸಲ ಡಾಕ್ಟರ ಮುಂದೆ ದೂರು ಹೇಳಿದವನು ಗಂಡ ಆದಿನಾರಾಯಣಪ್ಪ. "ಸಿಕ್ಕಾಪಟ್ಟೆ ಸಿಟ್ಟು ಬತ್ತದೆ ಸಾರ್ ಇವ್ಳಿಗೆ. ಸ್ಯಾಂಪಲ್ಲಿಗೆ ಅಂತ ಎಷ್ಟು ಹಾಲು ತಗೋತೀಯ ಅಂತ ಡೈರಿ ಸೆಕ್ರೆಟ್ರಿಗೇ ಬೈದ್ಬಿಟ್ಲು. ನನ್ ಕತೆ ಬಿಡಿ, ನನ್ ತಟ್ಟೆ ನಾನೇ ತೊಳ್ಕೋತಾ ಇದೀನಿ."

"ಈ ಮಾತ್ರೆಗೆ ಕೆಲವರಿಗೆ ಸಿಟ್ಟು ಬರೋದುಂಟು" ಎಂದರು ಡಾಕ್ಟರು. "ಬೇರೆ ಬರ್ಕೊಡ್ಲೇನಮ್ಮಾ?"

ಪಾಪಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. "ಬ್ಯಾಡಿ ಸಾರ್. ಸಿಟ್ಟು ಮಾತ್ರೇದಲ್ಲ, ನಂದೇ. ಬೈಯೋಕೋಗಿ ಎಲ್ಲಿ ಬಿದ್ಬಿಡ್ತೀನೋ ಅಂತ ಇಪ್ಪತ್ತು ವರ್ಷದಿಂದ ತಡ್ಕೊಂಡಿದ್ದೆ. ಇನ್ನೂ ಅರ್ಧಾನೂ ಮುಗ್ದಿಲ್ಲ."