ಸೋಮವಾರದ ನೀರು

ಮೊನ್ನೆ ಹಳೆಯ ಪೆಟ್ಟಿಗೆ ತೆರೆದಾಗ ಸಣ್ಣ ಬಾಟಲಿಯೊಂದರಿಂದ, ಸತ್ತ ಜೀವಿ ಕೆಡದಂತೆ ಹಾಕುವ ಫಾರ್ಮಾಲಿನ್ನಿನ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಚಿಟಿಕೆ ಹಿಟ್ಟಿನಂಥದ್ದೇನೋ ಇತ್ತು. ನಿಮಗದು ಕಸ, ನನಗೆ ಎರಡು ಸಾವಿರದ ಇಸವಿಯ ಆಚೀಚಿನ ಎರಡು ವರ್ಷ.

ಆಗ ನಾನು ಚಿತ್ತಾಕುಲದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಸಂಶೋಧನೆಗೆಂದು ಕದ್ರಾ ಅಣೆಕಟ್ಟಿನ ಹಿನ್ನೀರಿನಿಂದ ಕೋಪೆಪಾಡ್ ಎಂಬ ಜೀವಿಗಳನ್ನು ಬಲೆಯಲ್ಲಿ ಹಿಡಿದು ತಂದು ಎಣಿಸುವುದು ನನ್ನ ಕೆಲಸ. ಎಳ್ಳಿಗಿಂತ ಸಣ್ಣವು, ಹಣೆಗೊಂದೇ ಕಣ್ಣು. ಹೆಣ್ಣು ಎರಡು ಬದಿಗೂ ಮೊಟ್ಟೆಚೀಲ ಹೊತ್ತು ತಿರುಗುತ್ತದೆ. ಮರಿಗೆ ತಾಯಿಯ ಹೋಲಿಕೆಯೇ ಇಲ್ಲ; ಹತ್ತು ಹನ್ನೊಂದು ಸಲ ಪೊರೆ ಕಳಚಿದ ಮೇಲೇ ಅದು ದೊಡ್ಡದಾಗುವುದು. ನೀರು ಬತ್ತಿದರೆ ಕೆಲವು ಕೆಸರಿನಲ್ಲಿ ಮಲಗಿ ಮಳೆಗೆ ಕಾಯುತ್ತವೆ. ನನಗೂ ಹಾಗೆ ಮಲಗಲು ಬಂದಿದ್ದರೆ ಎಂದು ಎಷ್ಟೋ ಭಾನುವಾರ ಅನಿಸಿದ್ದುಂಟು. ಮಾತಿಗೊಂದು ನರಪಿಳ್ಳೆ ಇರಲಿಲ್ಲ.

ಇದ್ದವಳು ಪಕ್ಕದ ಮನೆಯ ಗಿರಿಜಕ್ಕ ಒಬ್ಬಳೇ. ಅವಳ ಗಂಡ ಬೆಳಿಗ್ಗೆ ಕೆಲಸಕ್ಕೆ ಕೈಗಾ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ನಮಗಿಬ್ಬರಿಗೂ ಒಂದೇ ಬಾವಿ. "ತಂಗೀ, ಇವತ್ತೆಷ್ಟು ಹುಳ ಎಣಿಸ್ದೆ?" ಎಂದು ಕೇಳುವಳು. ಆ ಹತ್ತು ನಿಮಿಷದ ಮಾತಿಗಾಗಿ ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಬಾವಿಗೆ ಹೋದವಳು ನಾನು.

ಒಂದು ದಿನ ಜಾಣತನ ತೋರಿಸಲು ಹೋಗಿ, ಬಾವಿಯ ನೀರಿಗೇ ಬಲೆ ಇಳಿಸಿ, ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದಲ್ಲಿ ಅವಳಿಗೆ ತೋರಿಸಿದೆ. ಸಾಲದ್ದಕ್ಕೆ, "ಇವು ಶೆಟ್ಲಿಯ ನೆಂಟರು" ಎಂದೆ. ಶೆಟ್ಲಿಯೆಂದರೆ ಸಿಗಡಿ. ಗಿರಿಜಕ್ಕನದು ಸೋಮವಾರದ ಉಪವಾಸ; ಮೀನು ಮುಟ್ಟುವಂತಿಲ್ಲ, ಸಂಜೆತನಕ ಬರೀ ನೀರು.

"ಅಯ್ಯೋ ದೇವ್ರೇ! ಇಷ್ಟ್ ವರ್ಷ ಸೋಮಾರನೂ ಶೆಟ್ಲಿ ಕುಡ್ದ್ನಾ ನಾನು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನದಿಂದ ಅವಳು ಬಾವಿ ಬಿಟ್ಟು ರಸ್ತೆಯ ನಲ್ಲಿಗೆ ಹೋಗತೊಡಗಿದಳು. ಅವಳ ಮನೆ ಹತ್ತೇ ಹೆಜ್ಜೆ. ಯಾವ ಮುಖ ಹೊತ್ತು ಹೋಗಲಿ ಎಂದುಕೊಳ್ಳುತ್ತಲೇ ಏಳು ತಿಂಗಳು ಕಳೆದೆ. ಆ ಏಳು ತಿಂಗಳು ನನ್ನನ್ನು ತಂಗೀ ಎಂದು ಕರೆದವರಿಲ್ಲ.

ಊರು ಬಿಡುವ ದಿನ ಹೇಳಿಹೋಗಲೆಂದು ಮೊದಲ ಸಲ ಅವಳ ಅಡುಗೆಮನೆಗೆ ಕಾಲಿಟ್ಟೆ. ಕೊಡದ ಬಾಯಿಗೆ ಹಳೆಸೀರೆಯ ಬಟ್ಟೆ ನಾಲ್ಕು ಮಡಿಕೆಯಾಗಿ ಕಟ್ಟಿತ್ತು.

"ಇದು ಯಾವಾಗಿಂದ ಅಕ್ಕಾ?"

"ಅತ್ತೆ ಕಾಲದಿಂದ್ಲೂ. ಸೋಸ್ದೇ ನೀರು ಕುಡೀತಾರಾ ಯಾರಾದ್ರೂ?"

ಹಣೆ ಬಡಿದುಕೊಂಡೆ. ಮೊಟ್ಟೆ ಹೊತ್ತ ಹೆಣ್ಣುಹುಳ ಬಟ್ಟೆಯ ನಾಲ್ಕು ಮಡಿಕೆ ದಾಟುವುದುಂಟೇ! "ಅಕ್ಕಾ, ನಿಮ್ಮ ಉಪವಾಸ ಕೆಟ್ಟೇ ಇಲ್ಲ" ಎಂದೆ.

ಅವಳು ನಗಲಿಲ್ಲ. "ಸೋಮಾರದ್ದು ಅವತ್ತೇ ತಪ್ಪುಕಾಣಿಕೆ ಇಟ್ಟು ಮುಗಿಸ್ದೆ. ನೀ ನಗಾಡ್ದೆ ಅಂತ ಬಾವಿಗೆ ಬರೂದು ಬಿಟ್ಟೆ. ನೀ ಕರೂಕೆ ಬರ್ತೆ ಅಂತ ದಿನಾ ಬಾಗ್ಲು ತೆಗ್ದಿಟ್ಕಂಡೇ ಕೂತಿದ್ದೆ, ತಂಗಿ."

ಈಗ ನಾನಿರುವಲ್ಲಿ ಎದುರು ಮನೆಯಾಕೆಯ ಜೊತೆ ನಾನು ಮಾತು ಬಿಟ್ಟು ತಿಂಗಳಾಯಿತು. ಮೊದಲು ಮಾತಾಡುವವರು ಯಾರು ಎಂಬುದಷ್ಟೇ ಉಳಿದ ಜಗಳ. ಇವತ್ತು ಚಪ್ಪಲಿ ಮೆಟ್ಟಿಕೊಂಡಿದ್ದೇನೆ.